ಡಾರ್ಕ್ ಸೈಡ್ ರೀಡಕ್ಸ್: ಮಾತು ಉಳಿಯಿತು, ಸಂಗೀತ ಎಲ್ಲಿ ಹೋಯಿತು?

ಮಂಡಕ್ಕಿ ಭಟ್ಟಿ (ದಾವಣಗೆರೆ):
ರೋಜರ್ ವಾಟರ್ಸ್ 2023ರ ಅಕ್ಟೋಬರ್‌ನಲ್ಲಿ ಬಿಟ್ಟ 'ದ ಡಾರ್ಕ್ ಸೈಡ್ ಆಫ್ ದ ಮೂನ್ ರೀಡಕ್ಸ್' ಬಗ್ಗೆ ಈ ಗುಂಪಿನಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲ. ಪಿಂಕ್ ಫ್ಲಾಯ್ಡ್ ಅಂದರೆ ಕೈಮುಗಿಯುವ ಜನ ನಾವು, ಬೈಯಲು ಸಂಕೋಚ. ಇರಲಿ, ನಾನೇ ಶುರು ಮಾಡುತ್ತೇನೆ. ನನಗೆ ಈ ಆಲ್ಬಂ ಹಿಡಿಸಲಿಲ್ಲ. ನಿಜ ಹೇಳಬೇಕೆಂದರೆ ಬೇಜಾರಾಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪಿಂಕ್ ಫ್ಲಾಯ್ಡ್ ಅಂದರೆ ಇಂಗ್ಲೆಂಡಿನ ರಾಕ್ ತಂಡ, ವಾಟರ್ಸ್ ಅದರಲ್ಲಿ ಬಾಸ್ ನುಡಿಸುತ್ತಾ ಸಾಹಿತ್ಯ ಬರೆಯುತ್ತಿದ್ದವರು. ತಂಡದ ಮೂಲ ಆಲ್ಬಂ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಬಂದದ್ದು 1973ರ ಮಾರ್ಚ್‌ನಲ್ಲಿ. ಅದಕ್ಕೆ ಐವತ್ತು ವರ್ಷ ತುಂಬಿದಾಗ ವಾಟರ್ಸ್ ಹಳೆಯ ಜೊತೆಗಾರರನ್ನು ಬಿಟ್ಟು, ಬೇರೆ ಸಂಗೀತಗಾರರನ್ನು ಕಟ್ಟಿಕೊಂಡು, ಹತ್ತೂ ಹಾಡುಗಳನ್ನು ಮೊದಲಿನಿಂದ ರೆಕಾರ್ಡ್ ಮಾಡಿದರು. ಗಿಟಾರಿನ ಗಿಲ್ಮರ್ ಇಲ್ಲ. ಡ್ರಮ್ಸ್‌ನ ಮೇಸನ್ ಇಲ್ಲ. ಕೀಬೋರ್ಡ್‌ನ ರಿಕ್ ರೈಟ್ 2008ರಲ್ಲೇ ತೀರಿಕೊಂಡರು. ಗಿಟಾರ್ ಸೋಲೋಗಳನ್ನು, ಅಂದರೆ ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗಗಳನ್ನು, ಪೂರ್ತಿ ಎತ್ತಿಬಿಟ್ಟಿದ್ದಾರೆ. ಅದರ ಬದಲು ಮಾತು. ವಾಟರ್ಸ್ ಗೊಣಗುತ್ತಾರೆ, ಪಿಸುಗುಡುತ್ತಾರೆ, ಬರೆದದ್ದನ್ನು ಓದುತ್ತಾರೆ, ಮತ್ತೆ ಗೊಣಗುತ್ತಾರೆ.

ಹಾಡು ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ. ಬದಲಾಯಿಸುವುದಿಲ್ಲ ಅಂದರೆ ಮತ್ತೆ ಯಾಕೆ ರೆಕಾರ್ಡ್ ಮಾಡಬೇಕು? ಆದರೆ ಇಲ್ಲಿ ತೆಗೆದದ್ದೇ ಜಾಸ್ತಿ, ಹಾಕಿದ್ದು ಕಡಿಮೆ. ಅದರಲ್ಲೂ ತೆಗೆದದ್ದೆಲ್ಲ ಬೇರೆಯವರ ಕೆಲಸ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ'ನಿಂದ ಗಾಯಕಿ ಕ್ಲೇರ್ ಟೊರಿಯ ಕೂಗು ಹೋಯಿತು. 'ಮನಿ'ಯಿಂದ ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್ ಹೋಯಿತು. ಗಿಲ್ಮರ್ ಗಿಟಾರ್ ಎಲ್ಲ ಕಡೆಯಿಂದ ಹೋಯಿತು. ಉಳಿದದ್ದು ವಾಟರ್ಸ್ ಬರೆದ ಸಾಲುಗಳು. ಅದರ ಮೇಲೆ ವಾಟರ್ಸ್ ಬರೆದ ಇನ್ನಷ್ಟು ಸಾಲುಗಳು.

ಕೇಳಿದವರು ಹೇಳಿ.

ಹೆಡ್‌ಫೋನ್ ಹೈದ (ದಾವಣಗೆರೆ):
ಬೆಣ್ಣೆ ಹಾಕದ ಬೆಣ್ಣೆ ದೋಸೆ. ನನ್ನ ವಿಮರ್ಶೆ ಮುಗಿಯಿತು.

ಗಾಳಿಗಿರಣಿ (ಚಿತ್ರದುರ್ಗ):
ದಾವಣಗೆರೆಯವರು ಯಾವ ವಿಷಯ ಎತ್ತಿದರೂ ಎರಡನೇ ಕಾಮೆಂಟಿಗೆ ದೋಸೆ ಬಂದೇ ಬರುತ್ತದೆ. ಆಲ್ಬಂ ಕೇಳಿದ್ದೀಯೋ ಇಲ್ಲವೋ, ಅದನ್ನು ಹೇಳಪ್ಪ.

ಹೆಡ್‌ಫೋನ್ ಹೈದ (ದಾವಣಗೆರೆ):
ಕೇಳಿದ್ದೇನೆ ಅಣ್ಣ, 'ಆನ್ ದ ರನ್' ತನಕ. ಮೂಲದಲ್ಲಿ ಅದು ಪೂರ್ತಿ ಸಿಂಥಸೈಜರ್ ಓಟ. ಹೆಜ್ಜೆ ಸಪ್ಪಳ, ಓಡುವವನ ಏದುಸಿರು, ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹಾಯುವ ಸದ್ದು. ಹೊಸ ಹೆಡ್‌ಫೋನ್ ಕೊಂಡರೆ ನಾವೆಲ್ಲ ಮೊದಲು ಹಾಕುವುದು ಅದನ್ನೇ ಅಲ್ವಾ? ರೀಡಕ್ಸ್‌ನಲ್ಲಿ ಆ ಜಾಗದಲ್ಲಿ ತಮಗೆ ಬಿದ್ದ ಕನಸು ಹೇಳುತ್ತಾರೆ. ಇನ್ನೊಬ್ಬರ ಕನಸು ಕೇಳುವಷ್ಟು ತಾಳ್ಮೆ ನನಗಿಲ್ಲ. ಅಲ್ಲಿಗೇ ನಿಲ್ಲಿಸಿದೆ.

ಏಳು ಸುತ್ತು (ಚಿತ್ರದುರ್ಗ):
ಭಟ್ಟಿ ಅವರೇ, ನಾನು ಒಪ್ಪುವುದಿಲ್ಲ. ನೀವು ಇದನ್ನು ಹಳೇ ಡಾರ್ಕ್ ಸೈಡ್ ಜಾಗದಲ್ಲಿ ಕೂರಿಸಿ ಕೇಳುತ್ತಿದ್ದೀರಿ. ಇದು ಅದರ ಬದಲಿ ಅಲ್ಲ ಅಂತ ವಾಟರ್ಸ್ ಅವರೇ ಹೇಳಿದ್ದಾರೆ. ಹಳೆಯದು ಎಲ್ಲೂ ಹೋಗಿಲ್ಲ, ಬೇಕಾದಾಗ ಕೇಳಬಹುದು.

ವಾಟರ್ಸ್ ಹುಟ್ಟಿದ್ದು 1943ರಲ್ಲಿ. ಈ ಹಾಡುಗಳನ್ನು ಬರೆಯುವಾಗ ಮೂವತ್ತೂ ತುಂಬಿರಲಿಲ್ಲ. ಕಾಲ ಕೈಜಾರುತ್ತದೆ, ಸಾವು ಬರುತ್ತದೆ, ತಲೆ ಕೆಡುತ್ತದೆ ಅಂತ ಬರೆದ ಆ ಹುಡುಗನಿಗೆ ಅದರ ರುಚಿ ಎಷ್ಟು ಗೊತ್ತಿತ್ತು? ರೀಡಕ್ಸ್ ಬರುವಾಗ ಅವರಿಗೆ ಎಂಬತ್ತು. ಅದೇ ಸಾಲು, ಬೇರೆ ಗಂಟಲು. ಶುರುವಿನಲ್ಲೇ ನೋಡಿ, 'ಸ್ಪೀಕ್ ಟು ಮಿ'ಯಲ್ಲಿ 1972ರ 'ಫ್ರೀ ಫೋರ್' ಹಾಡಿನ ಸಾಲು ಓದುತ್ತಾರೆ. ಮುದುಕನೊಬ್ಬನ ನೆನಪುಗಳ ಬಗ್ಗೆ ಇರುವ ಸಾಲು ಅದು. ಯೌವನದಲ್ಲಿ ಬರೆದಿಟ್ಟದ್ದನ್ನು ಈಗ ತಾವೇ ಮುದುಕರಾಗಿ ಓದುತ್ತಿದ್ದಾರೆ. ನನಗೆ ಅಲ್ಲೇ ಮೈ ಜುಮ್ ಅಂದಿತು.

ಹರಿಹರದಿಂದ ದುರ್ಗಕ್ಕೆ ರಾತ್ರಿ ಹೈವೇಯಲ್ಲಿ ಒಬ್ಬರೇ ಬರುವಾಗ ಹಾಕಿ ಕೇಳಿ. ಸೋಲೋ ಬೇಕು ಅನ್ನಿಸುವುದೇ ಇಲ್ಲ.

ಹೆಡ್‌ಫೋನ್ ಹೈದ (ದಾವಣಗೆರೆ):
ರಾತ್ರಿ ಹೈವೇಯಲ್ಲಿ ಇದನ್ನು ಹಾಕಿದರೆ ನಿದ್ದೆ ಬಂದು ಲಾರಿಗೆ ಗುದ್ದುತ್ತೇನೆ ಅಷ್ಟೇ.

ಮಂಡಕ್ಕಿ ಭಟ್ಟಿ (ದಾವಣಗೆರೆ):
ಏಳು ಸುತ್ತು ಅವರೇ, ವಯಸ್ಸಿನ ಮಾತು ಸರಿ. ಆ ಯೋಚನೆ ಕಾಗದದ ಮೇಲೆ ನನಗೂ ಇಷ್ಟವೇ. ಆದರೆ 'ಟೈಮ್' ತೆಗೆದುಕೊಳ್ಳಿ. ಅದರ ದಿಗಿಲು ಬರೀ ಮಾತಿನಲ್ಲಿತ್ತಾ? ಮೊದಲು ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಆಮೇಲೆ ಮೇಸನ್ ರೋಟೋಟಾಮ್ ಅನ್ನುವ ಡ್ರಮ್ ನುಡಿಸುತ್ತಾ ಕಾಯಿಸುತ್ತಾರೆ, ಹಾಡು ಶುರುವೇ ಆಗುವುದಿಲ್ಲ. ಕಾಲ ಸುಮ್ನೆ ಕಳೆಯುವುದು ಅಂದರೆ ಏನು ಅಂತ ಮೊದಲು ಕೂರಿಸಿ ತೋರಿಸುತ್ತಾರೆ. ಮಾತು ಬರುವುದು ಆಮೇಲೆ. ಎರಡು ನುಡಿ ಮುಗಿದ ಕೂಡಲೇ ಗಿಲ್ಮರ್ ಸೋಲೋ. ಬಾಯಲ್ಲಿ ಹೇಳಲಾಗದ ಸಿಟ್ಟು ಅದರಲ್ಲಿದೆ.

ಅದನ್ನೆಲ್ಲ ತೆಗೆದು ಸಾಲುಗಳನ್ನು ಮೆಲ್ಲಗೆ ಓದಿದರೆ ಅದು ಉಪದೇಶ ಆಗುತ್ತದೆ. 'ನೋಡು ಮಗಾ, ಹೊತ್ತು ಹೋಗುತ್ತಿದೆ' ಅಂತ. ಅದನ್ನು ಹೇಳಲು ನಮ್ಮ ಮನೆಯಲ್ಲೇ ಜನ ಇದ್ದಾರೆ.

ಇನ್ನೊಂದು ವಿಷಯ. ಮೂಲ ಆಲ್ಬಂನಲ್ಲಿ 'ಟೈಮ್' ಹಾಡಿದ್ದು ಗಿಲ್ಮರ್ ಮತ್ತು ರೈಟ್. ವಾಟರ್ಸ್ ಮುಖ್ಯ ದನಿಯಲ್ಲಿ ಹಾಡಿದ್ದು ಕೊನೆಯ ಎರಡು ಮಾತ್ರ, 'ಬ್ರೇನ್ ಡ್ಯಾಮೇಜ್' ಮತ್ತು 'ಎಕ್ಲಿಪ್ಸ್'. ರೀಡಕ್ಸ್‌ನಲ್ಲಿ ನನಗೆ ಹಿಡಿಸಿದ್ದೂ ಅವೆರಡೇ. ಅಲ್ಲಿ ದನಿ ತನ್ನ ಜಾಗದಲ್ಲೇ ಇದೆ.

ಶ್ರುತಿಪೆಟ್ಟಿಗೆ (ದಾವಣಗೆರೆ):
ರಾಕ್ ಸಂಗೀತ ನನ್ನದಲ್ಲ. ಮಕ್ಕಳಿಗೆ ಹಿಂದುಸ್ತಾನಿ ಪಾಠ ಹೇಳುತ್ತೇನೆ. ಮಗನ ದೆಸೆಯಿಂದ ಪಿಂಕ್ ಫ್ಲಾಯ್ಡ್ ಕಿವಿಗೆ ಬಿತ್ತು. ಈ ಚರ್ಚೆ ನೋಡಿದಾಗ ನನಗೆ ಮೊದಲು ಅನಿಸಿದ್ದು, ಇಷ್ಟಕ್ಕೆಲ್ಲ ಜಗಳ ಯಾಕೆ ಅಂತ. ನಮ್ಮಲ್ಲಿ ಒಂದೇ ಬಂದಿಶನ್ನು ನೂರು ಜನ ನೂರು ಥರ ಹಾಡುತ್ತಾರೆ. ಹಾಡಿದವರೇ ಮರುದಿನ ಬೇರೆ ಹಾಡುತ್ತಾರೆ. ಮಲ್ಲಿಕಾರ್ಜುನ ಮನ್ಸೂರರು 'ಅಕ್ಕ ಕೇಳವ್ವಾ' ಹಾಡಿದ ಮೇಲೂ ವಚನಕ್ಕೆ ಹೊಸ ಧಾಟಿ ಕಟ್ಟುವುದು ನಿಲ್ಲಲಿಲ್ಲ. ನಮ್ಮ ಕಡೆ ಮಠಗಳ ಪ್ರಾರ್ಥನೆಯಲ್ಲಿ ಒಂದು ಧಾಟಿ, ಕಚೇರಿಯಲ್ಲಿ ಒಂದು, ನಾಟಕದಲ್ಲಿ ಇನ್ನೊಂದು. ಯಾರೂ ಬೇಜಾರಾಗುವುದಿಲ್ಲ.

ಹಳೆಯದು ಹೊಸದು ಎರಡನ್ನೂ ಒಂದರ ಹಿಂದೆ ಒಂದು ಕೇಳಿದೆ. ಆಗ ವ್ಯತ್ಯಾಸ ಗೊತ್ತಾಯಿತು. ವಚನದಲ್ಲಿ ಮಾತು ಮೊದಲು. ಹನ್ನೆರಡನೇ ಶತಮಾನದ ಮಾತು, ಧಾಟಿ ಆಮೇಲೆ ಬಂದದ್ದು. ಧಾಟಿ ಬದಲಾದರೆ ವಚನಕ್ಕೆ ಏನೂ ಆಗುವುದಿಲ್ಲ. ಈ ಆಲ್ಬಂ ಹಾಗಲ್ಲ. ಮಗ ಹೇಳಿದ, 'ಮನಿ' ಹಾಡಿನ ಶುರುವಿಗೆ ವಾಟರ್ಸ್ ಮಣ್ಣು ಕಲಸುವ ಬೋಗುಣಿಗೆ ನಾಣ್ಯ ಎಸೆದು ಸದ್ದು ಹಿಡಿದರಂತೆ. ಆಮೇಲೆ ನಾಣ್ಯ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆ ಹೀಗೆ ಒಂದೊಂದು ಸದ್ದಿನ ಟೇಪನ್ನೂ ಅಳೆದು ಸಮ ಸಮ ಕತ್ತರಿಸಿ, ಅಂಟಿಸಿ, ಸುತ್ತುವಂತೆ ಮಾಡಿದರಂತೆ. ಅಂದರೆ ತಾಳವೇ ಆ ಟೇಪಿನಲ್ಲಿ ಹುಟ್ಟಿದೆ. ಅಲ್ಲಿ ರೆಕಾರ್ಡಿಂಗೇ ರಚನೆ. ಸಾಹಿತ್ಯ ಅದರ ಒಂದು ಭಾಗ.

ವಾಟರ್ಸ್ ಇದನ್ನು ವಚನದ ಥರ ನೋಡಿದ್ದಾರೆ. ಮಾತು ನನ್ನದು, ಧಾಟಿ ಹೇಗಿದ್ದರೂ ನಡೆಯುತ್ತದೆ ಅಂತ. ನಡೆಯಲಿಲ್ಲ.

'ಮನಿ' ಏಳು ಮಾತ್ರೆಯ ಹಾಡು ಅಂತ ಹುಡುಗರು ದೊಡ್ಡದಾಗಿ ಹೇಳುತ್ತಾರೆ. ರೂಪಕ್, ಮಿಶ್ರಛಾಪು ತಾಳ ಗೊತ್ತಿದ್ದವರಿಗೆ ಅದೇನು ಹೊಸದಲ್ಲ ಬಿಡಿ. ಹಳೆಯದರಲ್ಲಿ ಚೆಂದ ಇರುವುದು ಏಳರಲ್ಲಿ ಕುಂಟುತ್ತಾ ಬಂದ ಹಾಡು ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ಬಿದ್ದು ಓಡುವುದರಲ್ಲಿ. ಕಾಲಿಗೆ ಕಟ್ಟಿದ ಹಗ್ಗ ಬಿಚ್ಚಿದ ಹಾಗೆ. ಹೊಸದರಲ್ಲಿ ಆ ಸೋಲೋನೇ ಇಲ್ಲ. ಹಾಗಾಗಿ ಆ ಬಿಡುಗಡೆಯೂ ಇಲ್ಲ.

ಏಳು ಸುತ್ತು (ಚಿತ್ರದುರ್ಗ):
ಮೇಡಂ, ನಿಮ್ಮ ಮಾತಿನಿಂದಲೇ ಒಂದು ಪ್ರಶ್ನೆ. ನಾಣ್ಯದ ಸದ್ದು ಮಾಡಿದ್ದು ವಾಟರ್ಸ್. 'ಮನಿ'ಯ ಆ ಬಾಸ್ ವರಸೆ ಕಟ್ಟಿದ್ದೂ ವಾಟರ್ಸ್. ಅಂದ ಮೇಲೆ ಅವರು ಬರೀ ಮಾತಿನ ಮನುಷ್ಯ ಅನ್ನುವುದು ಹೇಗೆ? ತಾವೇ ಕಟ್ಟಿದ್ದನ್ನು ತಾವೇ ಬಿಚ್ಚುವ ಹಕ್ಕು ಅವರಿಗಿದೆ.

ಶ್ರುತಿಪೆಟ್ಟಿಗೆ (ದಾವಣಗೆರೆ):
ಹಕ್ಕು ಇದೆ ಅಣ್ಣ, ಯಾರು ಬೇಡ ಅಂದರು. ಬಿಚ್ಚಿದ ಮೇಲೆ ಏನು ಕಟ್ಟಿದರು ಅಂತ ನಾನು ಕೇಳಿದ್ದು.

ಗಾಳಿಗಿರಣಿ (ಚಿತ್ರದುರ್ಗ):
ಧಾಟಿಯ ಜಗಳ ನಮಗೇನು ಹೊಸದಾ? ನಾಡಗೀತೆಗೆ ಮೈಸೂರು ಅನಂತಸ್ವಾಮಿ ಧಾಟಿಯೋ ಸಿ. ಅಶ್ವತ್ಥ್ ಧಾಟಿಯೋ ಅಂತ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ 2022ರಲ್ಲಿ ಸರ್ಕಾರವೇ ಅನಂತಸ್ವಾಮಿ ಧಾಟಿ, ಎರಡೂವರೆ ನಿಮಿಷ ಅಂತ ಆದೇಶ ಮಾಡಬೇಕಾಯಿತು. ಡಾರ್ಕ್ ಸೈಡ್‌ಗೂ ಒಂದು ಆದೇಶ ತರಿಸೋಣ.

ಹಳೆ ಕ್ಯಾಸೆಟ್ (ದಾವಣಗೆರೆ):
ಹುಡುಗರೇ, ಚರ್ಚೆ ಚೆನ್ನಾಗಿದೆ. ಕ್ಲೇರ್ ಟೊರಿ ಹೆಸರು ಬಂದಿದೆ, ಆದರೆ ಆಕೆಯ ಕಥೆ ಯಾರೂ ಹೇಳಲಿಲ್ಲ. ಈ ಆಲ್ಬಂ ಯಾಕೆ ಚುಚ್ಚುತ್ತದೆ ಅನ್ನುವುದು ಅಲ್ಲಿದೆ.

1973ರ ಜನವರಿ. ಆಲ್ಬಂ ಹೆಚ್ಚುಕಡಿಮೆ ಮುಗಿದಿದೆ. ರೈಟ್ ಕಟ್ಟಿದ ಪಿಯಾನೋ ತುಣುಕಿನ ಮೇಲೆ ಏನು ಹಾಕಬೇಕು ಅಂತ ಯಾರಿಗೂ ತೋಚುತ್ತಿಲ್ಲ. ಎಂಜಿನಿಯರ್ ಅಲನ್ ಪಾರ್ಸನ್ಸ್ ಈಕೆಯನ್ನು ಕರೆಸಿದರು. ಅಬ್ಬೆ ರೋಡ್ ಸ್ಟುಡಿಯೋಗೆ ಭಾನುವಾರ ಬಂದಳು. ಮಾತಿಲ್ಲ, ಸಾಹಿತ್ಯ ಇಲ್ಲ, ಸಾವಿನ ಬಗ್ಗೆ ಹಾಡು ಅಂತ ಅಷ್ಟೇ ಹೇಳಿದರು. ಹಾಡಿದಳು, 30 ಪೌಂಡ್ ತಗೊಂಡು ಮನೆಗೆ ಹೋದಳು. ಆ ದನಿ ಲೋಕವೆಲ್ಲ ಸುತ್ತಿತು. 2004ರಲ್ಲಿ ಕೋರ್ಟಿಗೆ ಹೋದಳು. 2005ರಲ್ಲಿ ರಾಜಿಯಾಯಿತು. ಅಲ್ಲಿಂದ ಈಚೆಗೆ ಆ ಹಾಡಿಗೆ ರೈಟ್ ಹೆಸರಿನ ಜೊತೆ ಟೊರಿ ಹೆಸರೂ ಬರುತ್ತದೆ.

ಅಂದರೆ ಆ ಹಾಡಿನಲ್ಲಿ ವಾಟರ್ಸ್ ಬರೆದ ಒಂದು ಸಾಲೂ ಇರಲಿಲ್ಲ. ರಾಗ ರೈಟ್‌ದು, ದನಿ ಟೊರಿಯದು. ರೀಡಕ್ಸ್‌ನಲ್ಲಿ ಅದೇ ಹಾಡಿನ ಮೇಲೆ ವಾಟರ್ಸ್, ಕವಿ ಡೊನಾಲ್ಡ್ ಹಾಲ್ ಅವರ ಕೊನೆಯ ದಿನಗಳ ಬಗ್ಗೆ ನಡೆದ ಪತ್ರವ್ಯವಹಾರ ಓದುತ್ತಾರೆ. ಪತ್ರ ಚೆನ್ನಾಗಿದೆ. ನಿಜವಾದ ದುಃಖ ಇದೆ ಅದರಲ್ಲಿ. ಬೇರೆ ಕಡೆ ಓದಿದ್ದರೆ ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಆದರೆ ಸಾಹಿತ್ಯವೇ ಬೇಡ ಅಂತ ಟೊರಿಯ ದನಿಗೆ ಬಿಟ್ಟಿದ್ದ ಜಾಗ ಅದು, ಅಲ್ಲೂ ಮಾತು ತುಂಬಿದರಲ್ಲ!

ಇನ್ನೊಂದು ತಮಾಷೆ. ಈ ಹಾಡುಗಳನ್ನು ಒಬ್ಬರೇ ಕೂತು ಮತ್ತೆ ರೆಕಾರ್ಡ್ ಮಾಡುವ ಚಟ ವಾಟರ್ಸ್‌ರಿಂದ ಶುರುವಾದದ್ದಲ್ಲ. 1981ರಲ್ಲಿ 'ಎ ಕಲೆಕ್ಷನ್ ಆಫ್ ಗ್ರೇಟ್ ಡ್ಯಾನ್ಸ್ ಸಾಂಗ್ಸ್' ಅಂತ ಒಂದು ಸಂಗ್ರಹ ಬಂತು. ಅಮೆರಿಕದಲ್ಲಿ 'ಮನಿ'ಯ ಹಕ್ಕು ಹಳೇ ಕಂಪನಿಯ ಹತ್ತಿರ ಇತ್ತು, ಅವರು ಕೊಡಲಿಲ್ಲ. ಗಿಲ್ಮರ್ ಕೂತು ಗಿಟಾರ್, ಬಾಸ್, ಡ್ರಮ್ಸ್, ಹಾಡು ಹೆಚ್ಚುಕಡಿಮೆ ಎಲ್ಲ ತಾವೇ ಮಾಡಿದರು. ಸ್ಯಾಕ್ಸೊಫೋನ್‌ಗೆ ಮಾತ್ರ ಡಿಕ್ ಪ್ಯಾರಿಯನ್ನೇ ಮತ್ತೆ ಕರೆದರು. ಕೇಳಿ ನೋಡಿ, ಎಲ್ಲ ಇದೆ, ಆದರೆ ಸಪ್ಪೆ. ವಾಟರ್ಸ್ ಇಲ್ಲದ ಗಿಲ್ಮರ್‌ಗೂ ಆಗಲಿಲ್ಲ, ಗಿಲ್ಮರ್ ಇಲ್ಲದ ವಾಟರ್ಸ್‌ಗೂ ಆಗಲಿಲ್ಲ.

ಮಂಡಕ್ಕಿ ಭಟ್ಟಿ (ದಾವಣಗೆರೆ):
ಸರ್, 1981ರ 'ಮನಿ' ವಿಷಯ ನನಗೆ ಗೊತ್ತೇ ಇರಲಿಲ್ಲ. ಇವತ್ತೇ ಹುಡುಕಿ ಕೇಳುತ್ತೇನೆ. ನೀವು ವಾಟರ್ಸ್‌ರನ್ನು ನೋಡಿದ್ದೀರಿ ಅಲ್ವಾ?

ಹಳೆ ಕ್ಯಾಸೆಟ್ (ದಾವಣಗೆರೆ):
2002, ಬೆಂಗಳೂರು ಅರಮನೆ ಮೈದಾನ. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಕಾಲದ ಗೆಳೆಯರೆಲ್ಲ ಸಂಸಾರಸ್ಥರಾಗಿದ್ದೆವು, ಆದರೂ ಕೆಂಪು ಬಸ್ ಹತ್ತಿಕೊಂಡು ಹೋದೆವು. ಕ್ಯಾಸೆಟ್ ಅಂಗಡಿಯಲ್ಲಿ ಖಾಲಿ ಟೇಪಿಗೆ ತುಂಬಿಸಿಕೊಂಡು ಕೇಳಿದ ಹಾಡುಗಳು ಅವು. ಬ್ಯಾಟರಿ ಇಳಿದು ಟೇಪ್ ರೆಕಾರ್ಡರ್ ನಿಧಾನ ಆದರೆ ಅದೂ ಹಾಡಿನ ಭಾಗವೇ ಅಂದುಕೊಂಡವರು ನಾವು. ಆವತ್ತು ವೇದಿಕೆಯ ಮೇಲೆ ಗಿಲ್ಮರ್ ಇರಲಿಲ್ಲ, ಗಿಟಾರಿಗೆ ಸ್ನೋಯಿ ವೈಟ್ ಇದ್ದರು. ಸೋಲೋಗಳನ್ನು ಒಂದೂ ಬಿಡದೆ ನುಡಿಸಿದರು. ಅಂದರೆ ವಾಟರ್ಸ್‌ಗೆ ಆ ಸೋಲೋಗಳ ಬೆಲೆ ಗೊತ್ತು. ರೀಡಕ್ಸ್‌ನಲ್ಲಿ ಬೇಕು ಅಂತಲೇ ಬಿಟ್ಟಿದ್ದಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ರೋಟೋಟಾಮ್ (ಹರಿಹರ):
ನಾನು ಡ್ರಮ್ಸ್ ನುಡಿಸುವವನು. ಆರ್ಕೆಸ್ಟ್ರಾದಲ್ಲಿ ಗಣೇಶ ಹಬ್ಬದಿಂದ ಮದುವೆ ತನಕ ಎಲ್ಲ ನುಡಿಸಿದ್ದೇನೆ. ದಿನಾ ಬೇರೆಯವರ ಹಾಡನ್ನೇ ನುಡಿಸುವ ನನಗೆ 'ಮೂಲವನ್ನು ಮುಟ್ಟಬಾರದು' ಅನ್ನುವವರನ್ನು ಕಂಡರೆ ನಗು ಬರುತ್ತದೆ. ಹೇಗೆ ಮುಟ್ಟುತ್ತಾರೆ ಅನ್ನುವುದು ಮುಖ್ಯ.

'ಡಬ್ ಸೈಡ್ ಆಫ್ ದ ಮೂನ್' ಕೇಳಿದ್ದೀರಾ? ಈಸಿ ಸ್ಟಾರ್ ಆಲ್‌ಸ್ಟಾರ್ಸ್ ತಂಡ, 2003. ಇಡೀ ಡಾರ್ಕ್ ಸೈಡ್ ಜಮೈಕಾದ ರೆಗ್ಗೆ ಶೈಲಿಯಲ್ಲಿ. 'ಮನಿ'ಯ ಶುರುವಿಗೆ ನಾಣ್ಯದ ಬದಲು ಗುಡುಗುಡಿ ಎಳೆಯುವ ಸದ್ದು, ಕೆಮ್ಮು. ಮೂಲವನ್ನು ಪೂರ್ತಿ ಅರೆದು ಕುಡಿದವರು ಮಾತ್ರ ಇಂಥ ತುಂಟತನ ಮಾಡಬಲ್ಲರು. ಬಾಸ್ ಹೇಗೆ ಕೂತಿದೆ, ಡ್ರಮ್ಸ್ ಎಲ್ಲಿ ಬಿಡುತ್ತದೆ, ಎಲ್ಲ ಬದಲು. ಆದರೂ ಹಾಡು ಅದೇ. ಕೇಳುತ್ತಾ ಕಾಲು ತಾನಾಗಿ ಕುಣಿಯುತ್ತದೆ.

ಇನ್ನೊಂದು ತುದಿಗೆ ಸ್ಟೀವ್ ಹ್ಯಾಕೆಟ್. ಜೆನೆಸಿಸ್ ತಂಡದ ಹಳೇ ಗಿಟಾರಿಸ್ಟ್. 1996ರ 'ಜೆನೆಸಿಸ್ ರೀವಿಸಿಟೆಡ್'ನಲ್ಲಿ ಹಳೇ ಹಾಡುಗಳ ಜೊತೆ ಸ್ವಲ್ಪ ಚೆಲ್ಲಾಟ ಆಡಿದರು. ಕೆಲವು ಕೂತವು, ಕೆಲವು ಬಿದ್ದವು. 2012ರ ಎರಡನೇ ಭಾಗದಲ್ಲಿ ಸ್ಟೀವನ್ ವಿಲ್ಸನ್, ಮಿಕಾಯೆಲ್ ಓಕರ್‌ಫೆಲ್ಟ್ ಥರದ ಹೊಸ ತಲೆಮಾರಿನವರನ್ನೆಲ್ಲ ಕರೆದು ಮೂಲಕ್ಕೆ ತುಂಬಾ ಹತ್ತಿರವಾಗಿ ನುಡಿಸಿದರು. ಶುದ್ಧ, ಚೊಕ್ಕ. ಆದರೆ ಒಮ್ಮೆ ಕೇಳಿದ ಮೇಲೆ ನಾನು ವಾಪಸ್ ಹೋಗುವುದು 1970ರ ದಶಕದ ರೆಕಾರ್ಡುಗಳಿಗೇ.

ವಾಟರ್ಸ್ ಇವೆರಡರ ದಾರಿಯನ್ನೂ ಹಿಡಿಯಲಿಲ್ಲ. ಅದಕ್ಕೆ ಮೆಚ್ಚಬೇಕು. ಆದರೆ ಡ್ರಮ್ಮರ್ ಆಗಿ ಹೇಳುತ್ತೇನೆ, ಹಾಡು ಹಾಡಿಗೂ ಅದೇ ನಿಧಾನ ನಡೆ. ಯಾವ ಹಾಡು ಮುಗಿದು ಯಾವುದು ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಮೂಲದಲ್ಲೂ ಹಾಡುಗಳು ಒಂದಕ್ಕೊಂದು ಅಂಟಿಕೊಂಡಿವೆ ನಿಜ, ಆದರೆ ಅಲ್ಲಿ ಏರಿಳಿತ ಇದೆ. 'ಅಸ್ ಆಂಡ್ ದೆಮ್' ಮೆಲ್ಲಗೆ ಬಂದು ದಿಢೀರ್ ಅಂತ ಎದ್ದು ನಿಲ್ಲುತ್ತದಲ್ಲ, ಆ ಏಟು ರೀಡಕ್ಸ್‌ನಲ್ಲಿ ಬೀಳುವುದೇ ಇಲ್ಲ.

ಗಾಳಿಗಿರಣಿ (ಚಿತ್ರದುರ್ಗ):
ಯೆಸ್ ಅನ್ನುವ ರಾಕ್ ತಂಡದ ಹಾಡುಗಳನ್ನು ಲಂಡನ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ನುಡಿಸಿದ್ದು ಒಂದಿದೆ, 'ಸಿಂಫೋನಿಕ್ ಮ್ಯೂಸಿಕ್ ಆಫ್ ಯೆಸ್', 1993. ಅದನ್ನೂ ಪಟ್ಟಿಗೆ ಸೇರಿಸಿ. ತಂಡದವರೇ ಆದ ಸ್ಟೀವ್ ಹೋ, ಬಿಲ್ ಬ್ರೂಫರ್ಡ್ ಇದ್ದಾರೆ, ಆದರೂ ಏರ್‌ಪೋರ್ಟ್ ಲಿಫ್ಟ್‌ನಲ್ಲಿ ಹಾಕುವ ಹಾಗಿದೆ. ಅದಕ್ಕೆ ಹೋಲಿಸಿದರೆ ರೀಡಕ್ಸ್ ಎಷ್ಟೋ ವಾಸಿ. ಕನಿಷ್ಠ ಒಬ್ಬ ಮನುಷ್ಯ ಏನೋ ಹೇಳಲು ಒದ್ದಾಡುತ್ತಿದ್ದಾನೆ ಅನ್ನಿಸುತ್ತದೆ.

ಏಳು ಸುತ್ತು (ಚಿತ್ರದುರ್ಗ):
ಅದೇ ನಾನು ಹೇಳುತ್ತಿರುವುದು! ಎಂಬತ್ತರ ವಯಸ್ಸಿನಲ್ಲಿ ಹಳೇ ಹಾಡನ್ನು ಹಾಗೇ ನುಡಿಸಿ ದುಡ್ಡು ಎಣಿಸಬಹುದಿತ್ತು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 1973ರಿಂದ 1988ರ ತನಕ 741 ವಾರ ಇದ್ದ ಆಲ್ಬಂ ಅದು. ಅಂಥದ್ದನ್ನು ಒಡೆದು ನೋಡಲು ಧೈರ್ಯ ಬೇಕು. ಆ ಹುಂಬತನ ನನಗೆ ಇಷ್ಟ.

ಹಳೆ ಕ್ಯಾಸೆಟ್ ಸರ್ ಹೇಳಿದ 'ಗ್ರೇಟ್ ಗಿಗ್' ವಿಷಯಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ.

ಮಂಡಕ್ಕಿ ಭಟ್ಟಿ (ದಾವಣಗೆರೆ):
ಧೈರ್ಯ ಅಂತ ನಾನು ಒಪ್ಪುವುದು ತಮ್ಮದನ್ನು ಪಣಕ್ಕಿಟ್ಟಾಗ. ಇಲ್ಲಿ ಅವರ ಸಾಲು ಒಂದೂ ಅಲುಗಾಡಿಲ್ಲ, ನೋಡಿ. ಒಂದು ಪದ್ಯವನ್ನಾದರೂ ಕಿತ್ತು ಹಾಕಿದ್ದಾರಾ? ಇವತ್ತು ಇದು ನಿಜ ಅಲ್ಲ ಅಂತ ಯಾವುದಾದರೂ ಸಾಲನ್ನು ತಿದ್ದಿದ್ದಾರಾ? ಎಂಬತ್ತರ ವಾಟರ್ಸ್ ಇಪ್ಪತ್ತೊಂಬತ್ತರ ವಾಟರ್ಸ್ ಜೊತೆ ಜಗಳ ಆಡಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. ಇಲ್ಲಿ ಹಳಬ ಹೊಸಬ ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸುತ್ತಿದ್ದಾರೆ.

ಏಳು ಸುತ್ತು (ಚಿತ್ರದುರ್ಗ):
ಇದು ಒಳ್ಳೆ ಏಟು. ಇನ್ನೊಮ್ಮೆ ಕೇಳಿ ಬರುತ್ತೇನೆ. ಸೋತೆ ಅಂತ ಮಾತ್ರ ಬರೆದುಕೊಳ್ಳಬೇಡಿ.

ಹೊಸಬ (ಹೊಳಲ್ಕೆರೆ):
ಎಲ್ಲರಿಗೂ ನಮಸ್ಕಾರ. ನಾನು ಈಗಷ್ಟೇ ಟರ್ನ್‌ಟೇಬಲ್ ತಗೊಂಡಿದ್ದೇನೆ. ರೀಡಕ್ಸ್ ಎಲ್‌ಪಿ ತರಿಸಬಹುದಾ? ಮೂಲ ಆಲ್ಬಂ ಅಲ್ಲಿ ಇಲ್ಲಿ ಕೇಳಿದ್ದೇನೆ, ಪೂರ್ತಿ ಕೇಳಿಲ್ಲ.

ಹಳೆ ಕ್ಯಾಸೆಟ್ (ದಾವಣಗೆರೆ):
ತಮ್ಮಾ, ಮೊದಲು ಮೂಲವನ್ನು ಪೂರ್ತಿ ಕೇಳು. 43 ನಿಮಿಷ ಅಷ್ಟೇ. ನಡುವೆ ಫೋನ್ ಮುಟ್ಟಬೇಡ. ರೀಡಕ್ಸ್ ಮೊಬೈಲಿನಲ್ಲೇ ಸಿಗುತ್ತದೆ, ಕೊಳ್ಳಬೇಕಾಗಿಲ್ಲ. ದಾವಣಗೆರೆಗೆ ಬಂದರೆ ನನ್ನ ಹಳೇ ಎಲ್‌ಪಿ ಕೊಡುತ್ತೇನೆ, ಕೇಳಿ ವಾಪಸ್ ಕೊಡಬೇಕು.

ರೋಟೋಟಾಮ್ (ಹರಿಹರ):
ಎಲ್‌ಪಿ ದುಡ್ಡು ಉಳಿದರೆ ಡಬ್ ಸೈಡ್ ತರಿಸು.

ಹೆಡ್‌ಫೋನ್ ಹೈದ (ದಾವಣಗೆರೆ):
ದಾವಣಗೆರೆಗೆ ಬಂದಾಗ ದೋಸೆ ನನ್ನ ಲೆಕ್ಕ.

ಗಾಳಿಗಿರಣಿ (ಚಿತ್ರದುರ್ಗ):
ಬಂತು ನೋಡಿ ಮತ್ತೆ.